ದೊಡ್ಡ ಕಂಪನಿಗಳ ನಡುವೆ ಸಣ್ಣ ಬಾಡಿಗೆ ಗಾಡಿ ವ್ಯವಹಾರ ಎದ್ದು ಕಾಣುವುದು ಹೇಗೆ?

ನಾಲ್ಕು_ಚಕ್ರ

ಎಲ್ಲರಿಗೂ ನಮಸ್ಕಾರ. ನಮ್ಮದು ಕಾರು, ವ್ಯಾನು ಬಾಡಿಗೆಗೆ ಕೊಡುವ ಸಣ್ಣ ವ್ಯವಹಾರ. ಡ್ರೈವರ್ ಕೊಡುವುದಿಲ್ಲ, ಗಿರಾಕಿಗಳೇ ಓಡಿಸಿಕೊಂಡು ಹೋಗುತ್ತಾರೆ. ಗಾಡಿಗಳು ಕೈಬೆರಳಲ್ಲಿ ಎಣಿಸುವಷ್ಟೇ ಇವೆ, ಆದರೆ ಒಂದೊಂದನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದೇವೆ. ಒಮ್ಮೆ ಬಂದವರು ಮತ್ತೆ ಬರುತ್ತಾರೆ. ಹೊಸಬರನ್ನು ಕರೆತರುವುದೇ ಕಷ್ಟವಾಗಿದೆ. ಹುಡುಕಿದ ತಕ್ಷಣ ಕಾಣುವುದು ದೊಡ್ಡ ಕಂಪನಿಗಳು. ಅವರಿಗೆ ಆಪ್ ಇದೆ, ಜಾಹೀರಾತು ಇದೆ, ಏರ್‌ಪೋರ್ಟಿನಲ್ಲೇ ಕೌಂಟರ್ ಇದೆ. ನಮಗೆ ಫೋನ್ ಮಾಡಿದವರು ಕೇಳುವ ಮೊದಲ ಮಾತು, "ಅವರು ಇಷ್ಟಕ್ಕೆ ಕೊಡುತ್ತಾರಲ್ಲ, ನಿಮ್ಮದೆಷ್ಟು?" ಬೆಲೆ ಬಿಟ್ಟು ಬೇರೆ ಮಾತೇ ಬರುವುದಿಲ್ಲ.

ಬೆಲೆ ಇಳಿಸಬೇಕಾ? ಹೊಸ ಗಾಡಿ ತರಬೇಕಾ? ಈ ವ್ಯವಹಾರ ಬಲ್ಲವರು ದಯವಿಟ್ಟು ಬಿಡಿಸಿ ಹೇಳಿ.

ಹೆದ್ದಾರಿ

ಕೆಲವು ತಿಂಗಳು ಬೆಲೆ ಇಳಿಸಿ ನೋಡಿ. ಜನ ಮೊದಲು ನೋಡುವುದು ಅದನ್ನೇ. ಹತ್ತು ಪರ್ಸೆಂಟ್ ಕಡಿಮೆ ಇದ್ದರೆ ಕಣ್ಣಿಗೆ ಬೀಳುತ್ತೀರಿ. ಜನ ರೂಢಿಯಾದ ಮೇಲೆ ಮೆಲ್ಲಗೆ ಏರಿಸಬಹುದು.

ಲೆಕ್ಕದ_ಪುಸ್ತಕ

ಅದಕ್ಕೆ ಕೈ ಹಾಕುವ ಮುಂಚೆ ಒಂದು ಲೆಕ್ಕ ಮಾಡಿ ನೋಡಿ. ದಿನದ ಬಾಡಿಗೆ 100 ಅಂದುಕೊಳ್ಳೋಣ. ಗಾಡಿ ಹೊರಗೆ ಹೋದ ದಿನಕ್ಕೆ ಮಾತ್ರ ಬೀಳುವ ಖರ್ಚು ಇರುತ್ತದಲ್ಲ, ಟೈರು ಸವೆತ, ಸರ್ವಿಸ್, ತೊಳೆಯುವುದು, ಬುಕಿಂಗ್ ಆಪ್‌ನ ಕಮಿಷನ್, ಎಲ್ಲ ಸೇರಿ 70 ಅನ್ನಿ. ಉಳಿಯುವುದು 30. ಬಾಡಿಗೆಯನ್ನು 90ಕ್ಕೆ ಇಳಿಸಿದರೆ ಖರ್ಚು ಹಾಗೇ ಇರುತ್ತದೆ, ಉಳಿಯುವುದು 20. ಮೊದಲಿನಷ್ಟೇ ದುಡ್ಡು ಕೈಗೆ ಬರಬೇಕಾದರೆ ಒಂದೂವರೆ ಪಟ್ಟು ದಿನ ಗಾಡಿ ಓಡಬೇಕು. ಈಗ 100 ದಿನದಲ್ಲಿ 70 ದಿನ ಓಡುತ್ತಿದ್ದರೆ, ಇನ್ನು ಮುಂದೆ 105 ದಿನ ಓಡಬೇಕು. 100 ದಿನದಲ್ಲಿ 105 ದಿನ ಎಲ್ಲಿಂದ ತರುತ್ತೀರಿ?

ಸಾವಿರಾರು ಗಾಡಿ ಇರುವವರು ಬೆಲೆ ಇಳಿಸಿದರೆ ಬಂದ ಹೆಚ್ಚಿನ ಬುಕಿಂಗನ್ನು ತೆಗೆದುಕೊಳ್ಳಲು ಅವರ ಹತ್ತಿರ ಖಾಲಿ ಗಾಡಿಗಳಿರುತ್ತವೆ. ನಿಮ್ಮ ಹತ್ತಿರ ಇಲ್ಲ.

ಹೆದ್ದಾರಿ

70 ಜಾಸ್ತಿ ಆಯ್ತು ಅನ್ನಿಸುತ್ತೆ. ಪೆಟ್ರೋಲು ಗಿರಾಕಿಯದ್ದೇ. ಕಂತು, ಇನ್ಶೂರೆನ್ಸ್ ಗಾಡಿ ನಿಂತಿದ್ದರೂ ಕಟ್ಟಲೇಬೇಕು, ಅದು ಈ ಲೆಕ್ಕದಲ್ಲಿ ಬರುವುದಿಲ್ಲ ಅಲ್ವಾ?

ಲೆಕ್ಕದ_ಪುಸ್ತಕ

ನಿಮ್ಮ ಮಾತು ಸರಿ. ಆಪ್ ಇಲ್ಲದೆ ನೇರವಾಗಿ ಬುಕಿಂಗ್ ತೆಗೆದುಕೊಂಡು ಕಮಿಷನ್ ಉಳಿಸಿದರೆ ಆ 70 ಇಳಿಯುತ್ತದೆ. 40 ಅಂತಲೇ ಇಟ್ಟುಕೊಳ್ಳಿ. ಆಗ ಉಳಿತಾಯ 60ರಿಂದ 50ಕ್ಕೆ ಬರುತ್ತದೆ. 70 ದಿನ ಓಡುತ್ತಿದ್ದ ಗಾಡಿ 84 ದಿನ ಓಡಬೇಕು. ಅಷ್ಟು ಓಡಿಸಲು ಆಗುತ್ತದೆ ಅಂದುಕೊಂಡರೂ ತೊಳೆಯಲು, ರಿಪೇರಿಗೆ, ಎರಡು ಬುಕಿಂಗ್ ನಡುವೆ ಉಸಿರಾಡಲು ದಿನ ಉಳಿಯುವುದಿಲ್ಲ. ಗಾಡಿಯೂ ಬೇಗ ಹಳೆಯದಾಗುತ್ತದೆ.

ಬೆಲೆ ಇಳಿಸುವ ಜಾಗ ಒಂದಿದೆ. ಸೀಸನ್ ಇಲ್ಲದ ವಾರಗಳು. ಸುಮ್ನೆ ನಿಂತ ಗಾಡಿ ದುಡಿಯುವುದಿಲ್ಲ. ಆ ದಿನಗಳಲ್ಲಿ ವಾರಗಟ್ಟಲೆ ತೆಗೆದುಕೊಳ್ಳುವವರಿಗೆ ಕಡಿಮೆ ಮಾಡಿ. ಸೀಸನ್‌ನಲ್ಲಿ ಹಟ ಹಿಡಿದು ನಿಲ್ಲಿ.

ಕೀಲಿಕೈ

ನಾನೂ ಇದೇ ವ್ಯವಹಾರದಲ್ಲಿ ತುಂಬಾ ವರ್ಷಗಳಿಂದ ಇದ್ದೇನೆ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಗಿರಾಕಿ ಬೆಲೆ ಕೇಳುವುದು ಅವನಿಗೆ ಬೇರೆ ಏನು ಕೇಳಬೇಕೋ ತಿಳಿಯದೆ. ಅವನ ಮನಸ್ಸಲ್ಲಿ ಓಡುತ್ತಿರುವುದೇ ಬೇರೆ. ಡೆಪಾಸಿಟ್ ವಾಪಸ್ ಬರುತ್ತಾ? ಮೊದಲೇ ಇದ್ದ ಗೀರನ್ನು ನನ್ನ ತಲೆಗೆ ಕಟ್ಟುತ್ತಾರಾ? ರಾತ್ರಿ ಗಾಡಿ ಕೆಟ್ಟು ನಿಂತರೆ ಯಾರು ಫೋನ್ ಎತ್ತುತ್ತಾರೆ? ಬುಕ್ ಮಾಡಿದ ಗಾಡಿಯೇ ಸಿಗುತ್ತಾ? ದೊಡ್ಡ ಹೆಸರು ಕಂಡರೆ ಈ ಭಯ ಸ್ವಲ್ಪ ಕಡಿಮೆಯಾಗುತ್ತದೆ, ಅದಕ್ಕೇ ಅಲ್ಲಿಗೆ ಹೋಗುತ್ತಾನೆ. ಹಾಗಾಗಿ ನೀವು ಮಾಡಬೇಕಾದ ಕೆಲಸ ಒಂದೇ, ಆ ಭಯವನ್ನು ಅವರಿಗಿಂತ ಚೆನ್ನಾಗಿ ತೆಗೆಯುವುದು. ಸಣ್ಣವರಿಗೆ ಇದು ಸುಲಭ. ಯಾಕೆಂದರೆ ಗಾಡಿ ಕೊಡುವವರು, ವಾಪಸ್ ತೆಗೆದುಕೊಳ್ಳುವವರು, ಫೋನ್ ಎತ್ತುವವರು ಎಲ್ಲ ಒಬ್ಬರೇ.

ಬುಕ್ ಮಾಡಿದ ಗಾಡಿಯ ವಿಷಯವನ್ನೇ ಮೊದಲು ತೆಗೆದುಕೊಳ್ಳಿ. ದೊಡ್ಡ ಕಂಪನಿಗಳಲ್ಲಿ ಬುಕ್ ಆಗುವುದು ಸಾಮಾನ್ಯವಾಗಿ ಒಂದು ವರ್ಗ. ಫೋಟೋದಲ್ಲಿ ಒಂದು ಕಾರು, ಕೆಳಗೆ ಸಣ್ಣ ಅಕ್ಷರದಲ್ಲಿ "ಅಥವಾ ಅದೇ ತರಹದ್ದು". ಕೌಂಟರಿಗೆ ಹೋದರೆ ಯಾವುದು ಖಾಲಿ ಇದೆಯೋ ಅದು. ಸಾವಿರಾರು ಗಾಡಿ ಓಡಿಸುವವರಿಗೆ ಬೇರೆ ದಾರಿಯಿಲ್ಲ. ನಿಮಗೆ ಇದೆ. ನಿಮ್ಮ ಒಂದೊಂದು ಗಾಡಿಗೂ ಒಂದೊಂದು ಪುಟ ಮಾಡಿ. ಕಂಪನಿಯ ಕ್ಯಾಟಲಾಗ್ ಚಿತ್ರ ಬೇಡ, ನಿಮ್ಮ ಅಂಗಳದಲ್ಲಿ ನಿಂತ ಅದೇ ಗಾಡಿಯ ಫೋಟೋ ಹಾಕಿ. ಯಾವ ವರ್ಷದ್ದು, ಟೈರ್ ಯಾವಾಗ ಬದಲಾಯಿಸಿದ್ದು, ಹಿಂದಿನ ಸೀಟಲ್ಲಿ ಮೂವರು ದೊಡ್ಡವರು ಆರಾಮಾಗಿ ಕೂರಬಹುದಾ ಇಲ್ಲವಾ, ಡಿಕ್ಕಿಯಲ್ಲಿ ಎಷ್ಟು ಸೂಟ್‌ಕೇಸ್ ಹಿಡಿಯುತ್ತದೆ, ಎಲ್ಲ ಬರೆಯಿರಿ. "ನೀವು ನೋಡಿದ ಗಾಡಿಯೇ ನಿಮಗೆ ಸಿಗುತ್ತದೆ" ಅಂತ ದೊಡ್ಡದಾಗಿ ಹಾಕಿ.

ಇನ್ನು ಗಾಡಿ ಕೈಗೆ ಕೊಡುವ ಹೊತ್ತು. ವಿಶ್ವಾಸ ಹುಟ್ಟುವುದೂ ಜಗಳ ಹುಟ್ಟುವುದೂ ಅಲ್ಲೇ. ನಾವು ಮಾಡುವ ರೀತಿ ಹೇಳುತ್ತೇನೆ. ಒದ್ದೆ ಗಾಡಿಯಲ್ಲಿ ಗೀರು ಕಾಣುವುದಿಲ್ಲ, ಹಾಗಾಗಿ ತೊಳೆದು ಪೂರ್ತಿ ಒಣಗಿದ ಮೇಲೆ ಬೆಳಕಿಗೆ ತಂದು ನಿಲ್ಲಿಸುತ್ತೇವೆ. ವಿಡಿಯೋ ತೆಗೆಯುವುದು ಗಿರಾಕಿಯ ಫೋನಿನಲ್ಲಿ, ಅವರ ಕೈಯಿಂದಲೇ. ಮುಂದಿನ ನಂಬರ್ ಪ್ಲೇಟಿನಿಂದ ಶುರು ಮಾಡಿ ಒಂದು ಸುತ್ತು ಬಂದು ಮತ್ತೆ ಅಲ್ಲಿಗೇ ಮುಗಿಸುತ್ತೇವೆ. ಪ್ರತಿ ಚಕ್ರದ ಹತ್ತಿರ ಬಗ್ಗಿ ರಿಮ್ಮಿನ ಅಂಚು ನೋಡುತ್ತೇವೆ, ಫುಟ್‌ಪಾತ್‌ಗೆ ಉಜ್ಜಿದ್ದು ಅಲ್ಲೇ ಗೊತ್ತಾಗುವುದು. ಬಂಪರಿನ ಕೆಳಗಿನ ಮೂಲೆ, ಕನ್ನಡಿಗಳ ಹೊರಮೈ, ಮುಂದಿನ ಗಾಜಿಗೆ ತಾಗಿದ ಕಲ್ಲೇಟು, ಆಮೇಲೆ ಚಾವಣಿ. ಒಳಗೆ ಕೂತು ಕೀ ತಿರುಗಿಸಿ ಕಿಲೋಮೀಟರ್, ಪೆಟ್ರೋಲಿನ ಮುಳ್ಳು, ಎಚ್ಚರಿಕೆಯ ದೀಪಗಳು ಹೊತ್ತಿ ಆರುವುದನ್ನು ತೋರಿಸುತ್ತೇವೆ. ಕೊನೆಗೆ ಡಿಕ್ಕಿ ತೆರೆದು ಸ್ಟೆಪ್ನಿ, ಜಾಕ್, ಪಾನಾ.

ಹಳೆಯ ಗೀರುಗಳನ್ನು ನಾವೇ ಬೆರಳಿಟ್ಟು ತೋರಿಸುತ್ತೇವೆ. ಅದು ತುಂಬಾ ಮುಖ್ಯ. "ಇಲ್ಲೊಂದಿದೆ ನೋಡಿ, ಇದನ್ನೂ ತೆಗೆದುಕೊಳ್ಳಿ" ಅಂದಾಗ ಗಿರಾಕಿಯ ಹೆಗಲು ಇಳಿಯುವುದು ಕಣ್ಣಿಗೇ ಕಾಣುತ್ತದೆ. ತನ್ನ ಫೋನಿನಲ್ಲೇ ಸಾಕ್ಷಿ ಇದೆ ಅಂದ ಮೇಲೆ ಅವನಿಗೆ ಏನು ಭಯ? ಒಂದು ಪ್ರತಿ ನಮಗೂ ಕಳಿಸಿಕೊಳ್ಳುತ್ತೇವೆ. ವಾಪಸ್ ಬಂದಾಗ ಇಬ್ಬರೂ ಸೇರಿ ಅದೇ ಸುತ್ತು.

ಹಳೇ_ಜಾಹೀರಾತು

ಕೀಲಿಕೈ ಹೇಳಿದ್ದಕ್ಕೆ ಒಂದು ಒಳ್ಳೆಯ ಉದಾಹರಣೆ ಇದೆ. ಅಮೆರಿಕದ ಕಾರು ಬಾಡಿಗೆ ಕಂಪನಿ ಏವಿಸ್ ಈಗ ದೊಡ್ಡ ಹೆಸರು. ಆದರೆ 1962ರಲ್ಲಿ ಅದು ಮೊದಲ ಸ್ಥಾನದಲ್ಲಿದ್ದ ಹರ್ಟ್ಜ್ ಕಂಪನಿಗಿಂತ ತುಂಬಾ ಹಿಂದಿತ್ತು, ವರ್ಷಗಳಿಂದ ನಷ್ಟದಲ್ಲಿತ್ತು. ಆಗ ಡಾಯ್ಲ್ ಡೇನ್ ಬರ್ನ್‌ಬ್ಯಾಕ್ ಅನ್ನುವ ಜಾಹೀರಾತು ಸಂಸ್ಥೆ ಮಾಡಿದ ಪ್ರಚಾರದಲ್ಲಿ ನಾವು ಎರಡನೆಯವರು ಅಂತ ನೇರವಾಗಿ ಒಪ್ಪಿಕೊಂಡರು. ಎರಡನೆಯವರಾದ್ದರಿಂದಲೇ ಜಾಸ್ತಿ ಕಷ್ಟಪಡುತ್ತೇವೆ ಅಂದರು. ಅಷ್ಟೇ ಹೇಳಿ ಬಿಟ್ಟಿದ್ದರೆ ಜನ ಮರೆತುಬಿಡುತ್ತಿದ್ದರು. ಸಿಗರೇಟಿನ ಬೂದಿ ತುಂಬಿದ ಆಶ್‌ಟ್ರೇ, ಅರ್ಧ ಖಾಲಿ ಟ್ಯಾಂಕು, ಸವೆದ ವೈಪರ್, ತೊಳೆಯದ ಕಾರು ಇವು ನಮ್ಮಲ್ಲಿ ನಡೆಯುವುದಿಲ್ಲ ಅಂತ ಹೆಸರಿಟ್ಟು ಹೇಳಿದರು. ಬೇಗನೆ ಕಂಪನಿ ಲಾಭಕ್ಕೆ ಬಂತು.

ಅವರು "ಉತ್ತಮ ಸೇವೆ" ಅಂತ ಬರೆಯಲಿಲ್ಲ, ವೈಪರ್ ಅಂತ ಬರೆದರು. ನಿಮ್ಮ ಬೋರ್ಡಿನಲ್ಲಿ, ಪುಟದಲ್ಲಿ "ನಂಬಿಕಸ್ಥ", "ಗುಣಮಟ್ಟ" ಅಂತ ಇದ್ದರೆ ಅಳಿಸಿ. ಆ ಮಾತು ಎಲ್ಲರ ಬೋರ್ಡಿನಲ್ಲೂ ಇದೆ.

ಗ್ಯಾರೇಜ್_ಗೆಳೆಯ

ಟೈರಿನ ಮಾತು ಬಂತಲ್ಲ. ಯುರೋಪ್ ಸೇರಿ ಹಲವು ಕಡೆ ಕಾರಿನ ಟೈರಿನ ಗೆರೆ ಕನಿಷ್ಠ 1.6 ಮಿಲಿಮೀಟರ್ ಆಳ ಇರಬೇಕು ಅನ್ನುವುದು ಕಾನೂನು. ಅಷ್ಟಕ್ಕೆ ಬರುವ ಎಷ್ಟೋ ಮುಂಚೆಯೇ ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿತ ಕಡಿಮೆಯಾಗಿರುತ್ತದೆ. 3 ಮಿಲಿಮೀಟರಿಗೇ ಬದಲಾಯಿಸುತ್ತೇವೆ ಅಂತ ನಿಯಮ ಮಾಡಿಕೊಂಡು ಅದನ್ನು ಪುಟದಲ್ಲಿ ಬರೆಯಿರಿ. ಮಕ್ಕಳನ್ನು ಕರೆದುಕೊಂಡು ಹೋಗುವವರು ಇದನ್ನು ಓದುತ್ತಾರೆ.

ಸ್ಟೆಪ್ನಿಯ ಗಾಳಿಯನ್ನೂ ಪ್ರತಿ ಸಲ ನೋಡಿ. ಅಲ್ಲಿ ಸ್ಟೆಪ್ನಿ ಇದೆ ಅಂತ ಎಲ್ಲರೂ ನೋಡುತ್ತಾರೆ, ಗಾಳಿ ಇದೆಯಾ ಅಂತ ಯಾರೂ ನೋಡುವುದಿಲ್ಲ.

ಅಮ್ಮನ_ಮಗಳು

ನಾನು ಗಾಡಿ ಬಾಡಿಗೆಗೆ ತೆಗೆದುಕೊಳ್ಳುವವಳು, ಕೊಡುವವಳಲ್ಲ. ನಮ್ಮಮ್ಮ ಗಾಲಿಕುರ್ಚಿಯಲ್ಲಿರುತ್ತಾರೆ. ಗಿರಾಕಿ ಕಡೆಯಿಂದ ಒಂದು ಮಾತು ಹೇಳಬೇಕು.

ಯಾವ ಆಪ್ ತೆರೆದರೂ "5 ಸೀಟು, 2 ಬ್ಯಾಗು" ಅಂತ ಇರುತ್ತದೆ. ನನಗೆ ಬೇಕಾದದ್ದು ಅದಲ್ಲ. ಮಡಚಿದ ಗಾಲಿಕುರ್ಚಿ ಡಿಕ್ಕಿಯೊಳಗೆ ಹೋಗುತ್ತಾ? ಹೋದ ಮೇಲೆ ಬ್ಯಾಗಿಗೆ ಜಾಗ ಇರುತ್ತಾ? ಮುಂದಿನ ಸೀಟು ನೆಲದಿಂದ ಎಷ್ಟು ಎತ್ತರ? ತುಂಬಾ ಎತ್ತರ ಇದ್ದರೆ ಅಮ್ಮನನ್ನು ಎತ್ತಿ ಕೂರಿಸುವುದು ಕಷ್ಟ, ತುಂಬಾ ತಗ್ಗಿದ್ದರೆ ಎಬ್ಬಿಸುವುದು ಕಷ್ಟ. ಬಾಗಿಲು ಎಷ್ಟು ಅಗಲ ತೆರೆಯುತ್ತದೆ? ದೊಡ್ಡ ಕಂಪನಿಯೊಂದರ ಸಹಾಯವಾಣಿಗೆ ಇದನ್ನೆಲ್ಲ ಕೇಳಿದೆ. ಪಾಪ, ಫೋನಿನಲ್ಲಿದ್ದ ಹುಡುಗಿಗೆ ಆ ಕಾರನ್ನು ನೋಡಿಯೇ ಗೊತ್ತಿಲ್ಲ. ಅವಳ ಮುಂದೆ ಇದ್ದದ್ದು ನನ್ನ ಮುಂದೆ ಇದ್ದ ಪುಟವೇ.

ಆಮೇಲೆ ಒಬ್ಬ ಸಣ್ಣ ಬಾಡಿಗೆಯವರಿಗೆ ಫೋನ್ ಮಾಡಿದೆ. "ಒಂದು ನಿಮಿಷ ಇರಿ" ಅಂದರು. ಟೇಪು ತೆಗೆದುಕೊಂಡು ಹೊರಗೆ ಹೋಗಿ ಅಳೆದು ಹೇಳಿದರು. ಡಿಕ್ಕಿಯ ಬಾಯಿ ಎಷ್ಟು ಅಗಲ, ಎಷ್ಟು ಎತ್ತರ, ಸೀಟು ಎಷ್ಟು ಎತ್ತರ, ಎಲ್ಲ. ಟೇಪು ಹಿಡಿದ ಫೋಟೋನೂ ಕಳಿಸಿದರು. ಅಲ್ಲಿಂದೀಚೆಗೆ ನಾನು ಬೇರೆ ಕಡೆ ಬೆಲೆ ನೋಡಿಲ್ಲ. ನನ್ನಂಥವರು ಒಬ್ಬರಿಗೊಬ್ಬರು ಹೇಳುತ್ತೇವೆ, ಆ ಸುದ್ದಿಗೆ ಜಾಹೀರಾತು ಬೇಡ.

ನಾಲ್ಕು_ಚಕ್ರ

ಅಮ್ಮನ_ಮಗಳು, ನಿಮ್ಮ ಮಾತು ಓದಿ ಮನಸ್ಸು ತುಂಬಿತು. ನಮ್ಮ ವ್ಯಾನಿನ ಸೀಟಿನ ಎತ್ತರ ಎಷ್ಟು ಅಂತ ಯಾರೂ ಈವರೆಗೆ ಕೇಳಿರಲಿಲ್ಲ. ಇವತ್ತೇ ಎಲ್ಲ ಗಾಡಿ ಅಳೆದು ಫೋಟೋ ಹಾಕುತ್ತೇನೆ.

ಹಾಗಾದರೆ ಎಲ್ಲರನ್ನೂ ಕರೆಯುವುದಕ್ಕಿಂತ ಇಂಥ ಒಂದು ಗುಂಪಿನ ಜನರನ್ನು ಹಿಡಿಯುವುದು ಒಳ್ಳೆಯದಾ?

ಹಳೇ_ಜಾಹೀರಾತು

ಖಂಡಿತ. ಅಮೆರಿಕದ ಎಂಟರ್‌ಪ್ರೈಸ್ ಅನ್ನುವ ಕಾರು ಬಾಡಿಗೆ ಕಂಪನಿ ಬೆಳೆದದ್ದೇ ಹಾಗೆ. ಜಾಕ್ ಟೇಲರ್ 1957ರಲ್ಲಿ ಸೇಂಟ್ ಲೂಯಿಸ್‌ನಲ್ಲಿ 7 ಕಾರುಗಳೊಂದಿಗೆ ಲೀಸಿಂಗ್, ಅಂದರೆ ದೀರ್ಘ ಕಾಲಕ್ಕೆ ಕಾರು ಕೊಡುವ ವ್ಯವಹಾರ ಶುರು ಮಾಡಿದರು, ದಿನದ ಲೆಕ್ಕದ ಬಾಡಿಗೆ ಆಮೇಲೆ ಬಂತು. ದೊಡ್ಡ ಕಂಪನಿಗಳೆಲ್ಲ ಏರ್‌ಪೋರ್ಟಿನಲ್ಲಿ ಪ್ರಯಾಣಿಕರಿಗಾಗಿ ಪೈಪೋಟಿ ಮಾಡುತ್ತಿದ್ದವು. ಇವರು ಆ ಕಡೆ ಹೋಗದೆ ಬಡಾವಣೆಗಳಲ್ಲಿ ಆಫೀಸು ತೆರೆದರು. ಸ್ವಂತ ಕಾರು ಅಪಘಾತವಾಗಿ, ಕೆಟ್ಟು ಗ್ಯಾರೇಜು ಸೇರಿದವರು ಅವರ ಗಿರಾಕಿಗಳು. ಅಂಥವರಿಗೆ ಬಾಡಿಗೆ ಆಫೀಸಿಗೆ ಬರಲೂ ಗಾಡಿ ಇರುವುದಿಲ್ಲ ಅಲ್ವಾ? ಹಾಗಾಗಿ ಮನೆಗೇ ಹೋಗಿ ಕರೆದುಕೊಂಡು ಬರುವುದನ್ನು ರೂಢಿ ಮಾಡಿಕೊಂಡರು. ಮುಂದೆ ಅಮೆರಿಕದ ಅತಿ ದೊಡ್ಡ ಬಾಡಿಗೆ ಕಂಪನಿಯಾಗಿ ಬೆಳೆದರು.

ಗ್ಯಾರೇಜ್_ಗೆಳೆಯ

ಇದು ನನ್ನ ಗ್ಯಾರೇಜಿನಲ್ಲಿ ದಿನಾ ಕಾಣುವ ವಿಷಯ. ಕಾರು ಬಿಟ್ಟು ಹೋಗುವಾಗ ಜನ ಕೇಳುವುದು "ಎಷ್ಟಾಗುತ್ತೆ" ಅಂತ, ಅದಾದ ಮೇಲೆ "ಅಲ್ಲೀವರೆಗೆ ಏನು ಮಾಡಲಿ" ಅಂತ. ಆ ಎರಡನೆಯ ಪ್ರಶ್ನೆಗೆ ಗ್ಯಾರೇಜಿನವರ ಹತ್ತಿರ ಉತ್ತರ ಇರುವುದಿಲ್ಲ. ನಿಮ್ಮ ಹತ್ತಿರದ ಗ್ಯಾರೇಜುಗಳಿಗೆ ಹೋಗಿ ಮಾತಾಡಿ. ಕಮಿಷನ್ ಮಾತು ಮೊದಲೇ ತೆಗೆಯಬೇಡಿ. "ಫೋನ್ ಮಾಡಿದರೆ ಗಾಡಿ ನಿಮ್ಮ ಬಾಗಿಲಿಗೇ ತರುತ್ತೇನೆ, ನಿಮ್ಮ ಗಿರಾಕಿ ಕಾಯುವ ಹಾಗಿಲ್ಲ" ಅನ್ನಿ. ನಮಗೆ ಅದೇ ಬೇಕು. ರಿಪೇರಿ ಎರಡು ದಿನ ತಡವಾದರೆ ಬಾಡಿಗೆಯನ್ನು ಒಂದು ಫೋನಿನಲ್ಲಿ ಮುಂದುವರಿಸುವ ಅನುಕೂಲವೂ ಇರಲಿ. ರಿಪೇರಿ ಹೇಳಿದ ದಿನಕ್ಕೇ ಮುಗಿಯುವುದು ಅಪರೂಪ.

ಹೊಸ_ಗಾಳಿ

ಎದ್ದು ಕಾಣಬೇಕಾದರೆ ಎಲೆಕ್ಟ್ರಿಕ್ ಗಾಡಿ ತನ್ನಿ. ಸಣ್ಣವರಲ್ಲಿ ಹೆಚ್ಚು ಜನರ ಹತ್ತಿರ ಇಲ್ಲ. ಓಡಿಸುವ ಖರ್ಚೂ ಕಡಿಮೆ.

ಲೆಕ್ಕದ_ಪುಸ್ತಕ

ಆಸೆ ಒಳ್ಳೆಯದೇ, ಆದರೆ ನಿಧಾನ. ಹರ್ಟ್ಜ್ 2021ರಲ್ಲಿ ಒಂದು ಲಕ್ಷ ಟೆಸ್ಲಾ ಕಾರು ತರುತ್ತೇವೆ ಅಂತ ಘೋಷಿಸಿತು. 2024ರ ಜನವರಿಯಲ್ಲಿ ಸುಮಾರು 20,000 ಎಲೆಕ್ಟ್ರಿಕ್ ಕಾರು ಮಾರುತ್ತೇವೆ ಅಂದಿತು. ಅಪಘಾತವಾದರೆ ರಿಪೇರಿ ಖರ್ಚು ಜಾಸ್ತಿ ಅನ್ನುವುದು ಅವರು ಕೊಟ್ಟ ಒಂದು ಕಾರಣ. ಹೊಸ ಕಾರಿನ ಬೆಲೆ ಇಳಿದಾಗ ಹಳೆಯದರ ಮರುಮಾರಾಟದ ಬೆಲೆಯೂ ಕುಸಿಯಿತು. ಬಾಡಿಗೆ ವ್ಯವಹಾರದಲ್ಲಿ ಕೊನೆಗೆ ಗಾಡಿ ಎಷ್ಟಕ್ಕೆ ಹೋಗುತ್ತದೆ ಅನ್ನುವುದು ಬಾಡಿಗೆಯಷ್ಟೇ ದೊಡ್ಡ ವಿಷಯ. ಅಷ್ಟು ದೊಡ್ಡವರು ತಡೆದುಕೊಳ್ಳುತ್ತಾರೆ. ಹತ್ತು ಗಾಡಿಯವರ ನಾಲ್ಕು ಗಾಡಿ ಹಾಗಾದರೆ ಬಾಗಿಲು ಹಾಕಬೇಕಾಗುತ್ತದೆ.

ಒಂದೇ ಒಂದು ತನ್ನಿ. ಚಾರ್ಜ್ ಮಾಡುವುದನ್ನು ಗಿರಾಕಿಯ ಎದುರು ನಿಂತು ಕಲಿಸಿಕೊಡಿ. ಅದು ತನ್ನ ದುಡ್ಡು ತಾನು ದುಡಿದರೆ ಆಮೇಲೆ ಎರಡನೆಯದು.

ಪುಟ_ತಿರುವು

ಹೊಸಬರು ಹುಡುಕಿದಾಗ ಕಾಣುವುದಿಲ್ಲ ಅಂದಿರಲ್ಲ. ಗೂಗಲ್ ಮ್ಯಾಪ್‌ನಲ್ಲಿ ನಿಮ್ಮ ವ್ಯವಹಾರದ ಪ್ರೊಫೈಲ್ ಪೂರ್ತಿ ತುಂಬಿದ್ದೀರಾ? ಅದಕ್ಕೆ ದುಡ್ಡಿಲ್ಲ. ಫೋನ್ ಎತ್ತುವ ಸಮಯ, ಯಾವ ಯಾವ ಗಾಡಿ, ನಿಜವಾದ ಫೋಟೋ, ಎಲ್ಲ ಹಾಕಿ. "ಕಾರು ಬಾಡಿಗೆ" ಅನ್ನುವ ಹುಡುಕಾಟದಲ್ಲಿ ದೊಡ್ಡವರನ್ನು ಹಿಂದೆ ಹಾಕಲು ಆಗುವುದಿಲ್ಲ. "ಗಾಲಿಕುರ್ಚಿ ಹಿಡಿಯುವ ಬಾಡಿಗೆ ವ್ಯಾನ್" ಅನ್ನುವುದರಲ್ಲಿ ಆಗುತ್ತದೆ. ಅಳತೆ, ಫೋಟೋ ಇರುವ ಆ ಪುಟವೇ ನಿಮ್ಮ ಜಾಹೀರಾತು.

ರಿವ್ಯೂ ವಿಷಯದಲ್ಲಿ ಎಚ್ಚರ. ರಿವ್ಯೂ ಬರೆದರೆ ರಿಯಾಯಿತಿ ಕೊಡುತ್ತೇವೆ ಅನ್ನುವುದು ಗೂಗಲ್ ನಿಯಮಕ್ಕೆ ವಿರುದ್ಧ. ಖುಷಿಯಾದವರನ್ನು ಮಾತ್ರ ಆರಿಸಿ ಕೇಳುವುದೂ ಹಾಗೇ. ಎಲ್ಲರನ್ನೂ ಕೇಳಿ, ಡೆಪಾಸಿಟ್ ವಾಪಸ್ ಹೋದ ದಿನವೇ ಕೇಳಿ. ಆ ಹೊತ್ತಿಗೆ ಗಿರಾಕಿಗೆ ನಿಮ್ಮ ಮೇಲೆ ಪ್ರೀತಿ ಜಾಸ್ತಿ ಇರುತ್ತದೆ. ಕೆಟ್ಟ ರಿವ್ಯೂ ಬಂದರೆ ವಾದ ಮಾಡದೆ ಏನಾಯಿತು, ಏನು ಸರಿಪಡಿಸಿದಿರಿ ಅಂತ ಎರಡು ಸಾಲು ಬರೆಯಿರಿ. ಅದನ್ನು ಓದುವುದು ಬರೆದವರಿಗಿಂತ ಮುಂದೆ ಬರಬೇಕಾದವರು.

ಹೆದ್ದಾರಿ

ಬೆಲೆ ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ. ಆದರೆ ಒಂದು ಪ್ರಶ್ನೆ ಉಳಿಯಿತು. ರಾತ್ರಿ ಗಾಡಿ ಕೆಟ್ಟರೆ ದೊಡ್ಡವರು ಇನ್ನೊಂದು ಗಾಡಿ ಕಳಿಸುತ್ತಾರೆ. ಸಣ್ಣವರ ಎಲ್ಲ ಗಾಡಿ ಹೊರಗಿದ್ದರೆ ಏನು ಕಳಿಸುತ್ತಾರೆ?

ಕೀಲಿಕೈ

ಇದು ನಿಜವಾದ ಪ್ರಶ್ನೆ. ಒಬ್ಬರೇ ಇದ್ದರೆ ಇದಕ್ಕೆ ಉತ್ತರ ಇಲ್ಲ. ಅದಕ್ಕೇ ಸುತ್ತಮುತ್ತಲಿನ ಸಣ್ಣ ಬಾಡಿಗೆಯವರ ಜೊತೆ ಒಪ್ಪಂದ ಮಾಡಿಕೊಳ್ಳಬೇಕು. ನನ್ನ ಗಾಡಿ ಕೆಟ್ಟರೆ ನಿಮ್ಮದು, ನಿಮ್ಮದು ಕೆಟ್ಟರೆ ನನ್ನದು. ದಿನಕ್ಕೆ ಎಷ್ಟು ಅಂತ ಮೊದಲೇ ಬರೆದಿಟ್ಟುಕೊಳ್ಳಿ, ರಾತ್ರಿ ಹನ್ನೊಂದು ಗಂಟೆಗೆ ಚೌಕಾಸಿ ಮಾಡಬಾರದು. ಮುಖ್ಯವಾಗಿ ಇನ್ಶೂರೆನ್ಸ್ ನೋಡಿ. ಅವರ ಗಾಡಿಯನ್ನು ನಿಮ್ಮ ಗಿರಾಕಿ ಓಡಿಸಿದರೆ ಪಾಲಿಸಿ ಒಪ್ಪುತ್ತದಾ ಅಂತ ವಿಮೆಯವರಿಂದ ಬರೆಸಿ ತೆಗೆದುಕೊಳ್ಳಿ. ಸುರಕ್ಷಿತವಾದ ದಾರಿ ಅಂದರೆ ಗಿರಾಕಿ ಅವರ ಜೊತೆಗೇ ಹೊಸ ಕರಾರಿಗೆ ಸಹಿ ಹಾಕುವುದು, ದುಡ್ಡು ನೀವು ಕೊಡುವುದು.

ಫೋನ್ ಎತ್ತುವುದಕ್ಕೂ ಇದೇ ಒಪ್ಪಂದ ಸಾಕು. ಒಂದು ವಾರ ನೀವು, ಒಂದು ವಾರ ಅವರು. ಎತ್ತಿದವರ ಮೊದಲ ಪ್ರಶ್ನೆ "ಗಾಡಿಗೆ ಏನಾಯ್ತು" ಅಂತ ಇರಬಾರದು. "ನೀವು ರಸ್ತೆ ಬದಿಗೆ ಬಂದಿದ್ದೀರಾ, ಎಲ್ಲರೂ ಕ್ಷೇಮವಾ" ಅಂತ ಇರಬೇಕು. ಗಾಡಿಯ ಮಾತು ಆಮೇಲೆ.

ನಾಲ್ಕು_ಚಕ್ರ

ಎಲ್ಲರಿಗೂ ಧನ್ಯವಾದ. ಬೆಲೆ ಇಳಿಸುವುದಿಲ್ಲ. ಗಾಡಿಗೊಂದು ಪುಟ, ಅಳತೆ, ಫೋಟೋ ಈ ವಾರವೇ ಶುರು. ಎರಡು ಗ್ಯಾರೇಜಿನವರ ಜೊತೆ ಮಾತಾಡಲು ಹೊರಟಿದ್ದೇನೆ. ಡೆಪಾಸಿಟ್ ನಿಯಮವನ್ನೂ ಹೊಸದಾಗಿ ಬರೆಯಬೇಕು. ಈಗ "ಸಾಮಾನ್ಯ ಸವೆತಕ್ಕೆ ದುಡ್ಡು ಹಿಡಿಯುವುದಿಲ್ಲ" ಅಂತ ಇದೆ. ಇದು ಸಾಕಾ?

ಕೀಲಿಕೈ

ಸಾಲದು. ಸಾಮಾನ್ಯ ಅಂದರೆ ಎಷ್ಟು ಅಂತ ಜಗಳ ಅಲ್ಲೇ ಶುರುವಾಗುತ್ತದೆ. ಅಳತೆ ಬರೆಯಿರಿ. "ಬೆರಳ ಉಗುರಿಗೆ ಸಿಗದ ಗೀರು, 2 ಸೆಂಟಿಮೀಟರಿಗಿಂತ ಚಿಕ್ಕ ನೆಗ್ಗು ಇವಕ್ಕೆ ದುಡ್ಡಿಲ್ಲ. ಉಳಿದವಕ್ಕೆ ಕೆಳಗಿನ ಪಟ್ಟಿಯಂತೆ." ಆ ಪಟ್ಟಿಯಲ್ಲಿ ಕನ್ನಡಿ, ಬಂಪರ್, ರಿಮ್, ಗಾಜು ಒಂದೊಂದಕ್ಕೂ ಎಷ್ಟು ಅಂತ ಮೊದಲೇ ಹಾಕಿ, ಬುಕ್ ಮಾಡುವ ಮುಂಚೆಯೇ ಗಿರಾಕಿಗೆ ಕಾಣಲಿ. ಡೆಪಾಸಿಟ್ ಎಷ್ಟು ದಿನದಲ್ಲಿ ವಾಪಸ್ ಅನ್ನುವುದೂ ಅಲ್ಲೇ ಇರಲಿ. ಕಾರ್ಡಿನಲ್ಲಿ ತಡೆಹಿಡಿದ ದುಡ್ಡು ನೀವು ಬಿಟ್ಟ ಮೇಲೂ ಬ್ಯಾಂಕಿನಲ್ಲಿ ಕೆಲವು ದಿನ ತಡವಾಗಬಹುದು, ಆದ್ದರಿಂದ ನೀವು ಬಿಡುಗಡೆ ಮಾಡಿದ ಕೂಡಲೇ ಒಂದು ಮೆಸೇಜ್ ಹಾಕಿ.

ಅಮ್ಮನ_ಮಗಳು

ಆ ಪಟ್ಟಿಯನ್ನು ದಯವಿಟ್ಟು ದೊಡ್ಡ ಅಕ್ಷರದಲ್ಲಿ ಹಾಕಿ. ನಮ್ಮಮ್ಮನೂ ಓದುತ್ತಾರೆ.